ಗಾಲಿ ಬಿಲ್ಲಿನ ಸಪ್ಪಳ

...ಕೆಳಗಿಡು ಅದನ್ನ, ಉಮಾಕಾಂತ! ಮುಟ್ಟಬ್ಯಾಡ ಅಂದೆ! ಅಕ್ಕನ ಮನಿಗೆ ಅರಣ್ಯ ಇಲಾಖೆ ಖಾಕಿ ಹಾಕ್ಕೊಂಡು ಬಂದೀಯಲ್ಲ, ನಾಚಿಕಿ ಆಗೂದಿಲ್ಲೇನು ನಿನಗ? ಕನ್ಹಾನ್ ಹೊಳಿ ಆಚೆ ಚಿಗರಿಗೆ ಬಾಣ ನಟ್ಟೈತಿ ಅಂದ್ರ ನಾನೇ ಹೊಡದಿರಬೇಕಾ? ಇಡೀ ನಾಗಪುರದಾಗ ಕ್ರಾಸ್‌ಬೋ ಇರೂದು ನಿನ್ನ ಭಾವನ ಹತ್ರ ಒಂದೇ ಏನು? ನನ್ನ ಜೇಲಿಗೆ ಹಾಕಿಸಿ ಬಡ್ತಿ ತಗೋಬೇಕಂತಿಯೇನು?

ಯಾಕ ನಗತಿ? ಹೌದು, ಹಲಗಿಗೆ ಗುರಿ ಇಡಾಕ ತಗೊಂಡೀನಿ. ಗಚ್ಚಿಮ್ಯಾಗ ಹಲಗಿ ಐತಿ, ಹೋಗಿ ನೋಡು!

ಇದನ್ನೇ ಯಾಕ ಆರಿಸಿದೆ ಅಂತಿ? ಬ್ಯಾಂಕ್ ಮ್ಯಾನೇಜರ್ ನಾನು, ಪೆನ್ನು ಕೊಂಡ್ರೂ ವಿಚಾರ ಮಾಡಿ ಕೊಳ್ಳಾಂವ. ಕೇಳು. ಕ್ರಾಸ್‌ಬೋದಾಗ ಎರಡು ನಮೂನಿ ಬಿಲ್ಲು ಇರ್ತಾವ. ಸಾದಾ ಬಿಲ್ಲು ಹಗುರ. ದಾರ ಹರದ್ರ ಕುಂತಲ್ಲೇ ಕೈಲೇ ಹಾಕಬಹುದು. ಆದ್ರ ಅಗಲ... ಭಾಳ ಅಗಲ. ಬಿದರಿನ ಮೆಳ್ಯಾಗ ಸಿಕ್ಕೊಂತೈತಿ... ಅಂದ್ರ, ಬಾಗಲಾಗ! ಗಚ್ಚಿ ಬಾಗಲಾಗ ಸಿಕ್ಕೊಂತೈತಿ. ಹಂಗ್ಯಾಕ ನೋಡ್ತಿ?

ಇದರ ಎರಡೂ ತುದಿಗೆ ಗಾಲಿ ಅದಾವ ನೋಡು, ಈ ಗಾಲಿ ಬಿಲ್ಲು ಅಗಲ ಕಡಿಮಿ, ಭಾರ ಜಾಸ್ತಿ. ದಾರ ಹರದ್ರ ಮುಗೀತು, ಹೊಸಾದು ಹಾಕಾಕ ಯಂತ್ರಾನೇ ಬೇಕು, ಇತವಾರಿ ಬಜಾರ ತುಂಬ ಅಡ್ಡಾಡಿದ್ರೂ ಅದು ಸಿಗೂದಿಲ್ಲ. ಇರ್ಲಿ ಅಂದೆ. ವೇಗ ಬೇಕಾಗಿತ್ತು ನನಗ, ವೇಗ!

ಆದ್ರ ಸಪ್ಪಳ... ಫಟ್ ಅಂತೈತಿ. ಅಲ್ಲೇ ತಪ್ಪಿದೆ ನಾನು. ಬಾಣ ಎಷ್ಟೇ ಜಲ್ದಿ ಹೋಗ್ಲಿ, ಸಪ್ಪಳ ಮೊದಲ ಮುಟ್ಟತೈತಿ. ನೀ ಎದಿಗೆ ಬರೋಬರ್ ಹಿಡದಿರ್ತಿ, ಸಪ್ಪಳಕ್ಕ ಬೆಚ್ಚಿ ಅದು ಮುಂದಕ್ಕ ಜಿಗೀತೈತಿ, ಬಾಣ ಹೋಗಿ ಹೊಟ್ಟಿಗೆ...

ಏನು? ಏನಂದಿ?

ಹಲಗಿ ಜಿಗಿಯೂದಿಲ್ಲಂತ ನನಗೂ ಗೊತ್ತೈತಿ! ಎಲ್ಲೋ ಓದಿದ್ದೆ ಅದನ್ನ. ಓದಿದ್ದೆ ಅಂತೀನಿ! ಬೈಯಿ ಬೇಕಾದ್ರ, ಭಾವ ಅಂತ ಬಿಡಬ್ಯಾಡ... ಒಳಗ್ಯಾಕ ಹೊಂಟಿ? ಏಯ್, ರಂಜನೀನ ಕರೀಬ್ಯಾಡ! ನಿಮ್ಮಕ್ಕಗ ಏನೂ ಗೊತ್ತಿಲ್ಲ.

ಹುಡುಕಿದೆನೋ... ಕತ್ತಲಾಗೂ ತನಕ ಹುಡುಕಿದೆ. ಹೊಳಿ ದಂಡಿತನಕ ರಕ್ತ ಇತ್ತು, ಮುಂದ ಇಲ್ಲ. ಇರಲೇ ಇಲ್ಲ.

ಬಂದಾಗಿಂದ ಬಾಣ ಬಾಣ ಅಂತಿ, ಸತ್ತೈತಿ ಅಂತ ಒಮ್ಮೆನೂ ಅನಲಿಲ್ಲ ನೀನು. ಉಮಾಕಾಂತ... ಇನ್ನೂ ನಡದಾಡಾಕತ್ತೈತೇನದು?