ಸಹಿಯಿಲ್ಲದ ಮೂರನೇ ಪುಟ

…ಒಂದು ಸಹಿ, ನಂದಕ್ಕಾ. ಬರೇ ಒಂದು! ಆ ನೂಲು ಒಂದೀಟು ಕೈಬಿಟ್ಟು ಈ ಕಡೆ ನೋಡು. ಜಮಖಂಡಿಯಿಂದ ಬನಹಟ್ಟಿತನಕ ಬಸ್ಸಿನ್ಯಾಗ ನಿಂತುಕೊಂಡ ಬಂದೇನಿ. ಮಧ್ಯಾಹ್ನ ಹುಡುಗರಿಗೆ ಹೇಳೂ ಪಾಠ ಬಿಟ್ಟು ಬಂದೇನಿ. ಏಳು ಪುಟದ ಒಪ್ಪಿಗೆಪತ್ರ. ಆರು ಪುಟಕ್ಕ ನಿನ್ನ ಸಹಿ ಐತಿ, ಮೂರನೇದಕ್ಕ ಇಲ್ಲ. ಅಷ್ಟಕ್ಕ ಸಂಶೋಧನಾ ಕೇಂದ್ರದವರು ಇಡೀ ಕಟ್ಟನ್ನ ಹೊಳ್ಳಿ ಕಳಿಸ್ಯಾರ! ನೀವು ಮೂರೂ ಮಂದಿ ಕೊಟ್ಟ ರಕ್ತ, ನಿಂದು, ರಾಚಪ್ಪ ಮಾವಂದು, ನಿನ್ನ ಮಗಳು ರೇಷ್ಮಾಂದು, ಮೂರು ತಿಂಗಳಿಂದ ಅಲ್ಲಿ ಥಂಡಿ ಪೆಟಿಗ್ಯಾಗ ಸುಮ್ಮನ ಕುಂತೈತಿ. ಒಂದು ಸಹಿಗಾಗಿ!

ಯಾಕ ನಗಾಕತ್ತಿ? ಏನು, ನಗುವಂಥಾದ್ದು ಏನಂದೆ ನಾನು?

ಹಾಂ… ಒಪ್ಪಿಗೆಪತ್ರ ಅಂದೆ ಅಂತ ನಗ್ತಿ. ‘ನಮ್ಮ ಅರುಣ ಪುಸ್ತಕ ನುಂಗಿದವರಂಗ ಮಾತಾಡ್ತಾನ.’ ನಗು, ನಗು. ಓಣಿ ಮಂದಿ ಎಲ್ಲಾ ನಕ್ಕಾತು, ನೀನೊಬ್ಬಾಕಿ ಉಳಿದಿದ್ದಿ. ಆದರ ಈ ಏಳು ಪುಟ ಇಂಗ್ಲಿಷಿನಿಂದ ಕನ್ನಡಕ್ಕ ತಂದಾವ ನಾನು, ಅದನ್ನ ಮರೀಬ್ಯಾಡ. ‘ನಿಮ್ಮ ಕಡೆ ಮಂದಿಗೆ ತಿಳಿಯುವಂಗ ಬರದು ಕೊಡ್ರಿ’ ಅಂತ ಕೇಂದ್ರದ ಡಾಕ್ಟರ್ ಬಾಯಾರು ನನ್ನನ್ನ ಕೇಳಿದ್ರು. ಹದಿನೈದು ದಿನ ಕುಂತು ಬರದೆ, ಒಂದೊಂದು ವಾಕ್ಯ ತೂಗಿ ತೂಗಿ. ಜನರ ಭಾಷೆಯಲ್ಲಿ ಬಾರದ ಜ್ಞಾನ ಜ್ಞಾನವೇ ಅಲ್ಲ, ಅದು ಬಾಗಿಲಿಗೆ ಹಾಕಿದ ಬೀಗ. ಎಂ.ಎ. ಓದುವಾಗಿಂದ ನಾ ನಂಬಿಕೊಂಡು ಬಂದ ಮಾತು ಇದು. ಬೀಗ ತೆಗೀಬೇಕಂತ ಹೊಂಟಾವ ನಾನು! ತಿಳೀತಾ?

ಪೆನ್ನು ಹಿಡಿ ಮತ್ತ.

ಹಿಡಿಯಂಗಿಲ್ಲಾ? ಕರೆಂಟ್ ಹೋಗಿ ಮಗ್ಗ ನಿಂತಾವ, ಇದಕ್ಕಿಂತ ಪುರಸೊತ್ತು ಯಾವಾಗ ಸಿಗತೈತಿ ನಿನಗ? ಮಗ್ಗದಾಗಿನ ಹಳೇ ಹಾಸುನೂಲಿನ ತುದಿಗೆ ಹೊಸ ಹಾಸಿನ ಎಳಿ ಒಂದೊಂದ ಹೊಸೆದು ಕೂಡಿಸಿ ಕೆಚ್ಚೂದು ಐತಿ ಅಂತೀಯಾ? ಇನ್ನೂ ಸಾವಿರ ಎಳಿ ಅದಾವ, ಎಲ್ಲಿಗೂ ಓಡಿ ಹೋಗೂದಿಲ್ಲ ಅವು. ರೇಷ್ಮಾ ಸಾಲಿಯಿಂದ ಬರೂದ್ರಾಗ ಇದನ್ನ ಮುಗಸೋಣ. ಆಕಿಗೂ ಇದು ಬೇಕು, ಆಕಿಗಾಗೇ ಇದು! ಆರು ವರ್ಷದ ಹುಡುಗಿ… ಥಲಸ್ಸೀಮಿಯಾ ಅಂತ ಜಡ್ಡಿನ ಹೆಸರು ಬರದುಕೊಟ್ಟ ದಿನದಿಂದ ಮೂರು ವಾರಕ್ಕೊಮ್ಮೆ ಬಾಗಲಕೋಟಿ, ಮೂರು ವಾರಕ್ಕೊಮ್ಮೆ ಯಾರದೋ ರಕ್ತ ಆಕಿ ಮೈಗೆ. ಸೂಜಿ ಚುಚ್ಚಿದರ ಅಳೂದನ್ನೂ ಬಿಟ್ಟಾಳ. ಅಕ್ಕಾ, ಅಳೂದು ಬಿಟ್ಟ ಕೂಸನ್ನ ನೋಡಿ ನನಗ ಎಷ್ಟು ಸಿಟ್ಟು ಬರತೈತಿ ಗೊತ್ತಾ! ಯಾರ ಮ್ಯಾಲ ಅಂತ ಕೇಳಬ್ಯಾಡ.

ಕೇಳಬ್ಯಾಡ ಅಂದ್ರೂ ಹೇಳ್ತೇನಿ. ಅವ್ವನ ಮ್ಯಾಲ. ‘ನನ್ನ ಮಗಳು ನನ್ನ ತಮ್ಮನ ಮನಿಗೇ ಹೋಗಲಿ’ ಅಂದ್ಲು, ನಿನ್ನನ್ನ ರಾಚಪ್ಪ ಮಾವಗ ಕೊಟ್ಲು. ಒಂದ ಮನಿತನದ ರಕ್ತದಾಗ ಅಡಗಿದ್ದ ದೋಷ ಎರಡೂ ಕಡೆಯಿಂದ ಬಂದು ಆ ಕೂಸಿನ ಮೈಯಾಗ ಕೂಡ್ತು. ಮಾವ ದೇವರಂಥಾ ಮನಷ್ಯಾ, ಅದು ಬ್ಯಾರೆ ಮಾತು. ನಿನ್ನ ಲಗ್ನದಾಗ ನಾ ಎಂಟನೇತ್ತೆ ಇದ್ದೆ, ಹೊಸಾ ಚಡ್ಡಿ ಹಾಕ್ಕೊಂಡು ಕುಣದೇನಿ. ನನಗರೆ ಏನ ತಿಳೀತಿತ್ತು?

ಏಳಬ್ಯಾಡ, ಕೂಡು. ನೀರು ನಾನ ತೊಗೋತೀನಿ. ಏಳಾಕ ಎಷ್ಟು ತ್ರಾಸ ಆಗತೈತಿ ನಿನಗ… ಐದು ತಿಂಗಳು ತುಂಬಿತಲ್ಲಾ? ಶಿವರಾತ್ರಿ ದಿನ ಅವ್ವ ಫೋನಿನ್ಯಾಗ ಹೇಳಿದಾಗ ಖುಷಿ ಆತು ನನಗ. ಖರೆ, ಖುಷಿ ಆತು. ಆಮ್ಯಾಲ ರೇಷ್ಮಾನ ನೆನಪಾಗಿ ಅಂಜಿದೆ. ಆದರ ‘ನಂದಕ್ಕ ಶಾಣ್ಯಾಕಿ, ಹೊಟ್ಯಾಗಿನ ಕೂಸಿನ ರಕ್ತದ ಪರೀಕ್ಷಾ ಮಾಡಿಸಿರ್ತಾಳ’ ಅಂತ ಸಮಾಧಾನ ಮಾಡಿಕೊಂಡೆ. ಎಲ್ಲಿ, ಆ ರಿಪೋರ್ಟ್ ತೋರಸು.

ಇದಲ್ಲ. ಇದು ಡಾಕ್ಟರ್ ಬರದ ಚೀಟಿ… ‘ಮೂರನೇ ತಿಂಗಳಲ್ಲಿ ಗರ್ಭದ ಪರೀಕ್ಷೆ. ತಪ್ಪಿಸಬಾರದು.’ ಕೆಳಗ ಎರಡು ಗೀಟು ಬ್ಯಾರೆ ಎಳದಾರ. ಎಳ್ಳ ಅಮಾಸಿ ಹಬ್ಬದ ಒಳಗ ಹೋಗಬೇಕಾಗಿತ್ತು. ಹೋಗಿದ್ದಿಲ್ಲಾ? ರಿಪೋರ್ಟ್ ಎಲ್ಲಿ?

ಅಕ್ಕಾ. ರಿಪೋರ್ಟ್ ಎಲ್ಲಿ?

…ಹೋಗಲಿಲ್ಲಾ!

ಹೋಗಲೇ ಇಲ್ಲಾ? ಅಯ್ಯ… ಏನ್ ಮಾಡಿಕೊಂಡಿ ಅಕ್ಕಾ! ನಿನಗ ಹೇಳಿದ್ದಿಲ್ಲಾ ಅವರು, ಇಬ್ಬರಿಗೂ ದೋಷ ಇದ್ದಾಗ ನಾಕರಾಗ ಒಂದು ಕೂಸಿಗೆ ಹಿಂಗ ಆಗತೈತಿ ಅಂತ? ಪರೀಕ್ಷಾ ಮಾಡಿಸಿದ್ರ ಗೊತ್ತಾಗತಿತ್ತು, ಗೊತ್ತಾದ್ರ ಒಂದು ದಾರಿ ಇರತಿತ್ತು. ಈಗ ಇಪ್ಪತ್ತು ವಾರ ದಾಟ್ಯಾವ. ಇನ್ನ ಬಸರ ತಗಸಾಕ ಈಗಿನ ಕಾಯಿದೆ ಒಪ್ಪೂದಿಲ್ಲ, ದಾರಿ ಇಲ್ಲ, ಬರೇ ಕಾಯೂದು! ಏಳನೇತ್ತೆತನಕ ಓದಿದಾಕಿ ನೀನು, ಚೀಟಿ ಓದಾಕ ಬರತಿತ್ತು. ಬಾಗಲಕೋಟಿಗೆ ರೇಷ್ಮಾನ ಕರಕೊಂಡು ಎಷ್ಟು ಸಲ ಹೋಗಿ ಬಂದಿ, ಅದ ದವಾಖಾನಿ, ಅದ ಮೆಟ್ಟಿಲು! ಒಂದು ದಿನ, ಒಂದೇ ಒಂದು ದಿನ ನಿನ್ನ ಸಲುವಾಗಿ ಹೋಗಾಕ ಆಗಲಿಲ್ಲಾ? ಮಾವ ಬ್ಯಾಡಂದನಾ? ಅತ್ತಿಮನ್ಯಾಗ ಯಾರರೆ…?

ಯಾರೂ ಅಲ್ಲಾ. ಮತ್ಯಾರು?

ನನ್ನ ಕಡೆ ಯಾಕ ನೋಡ್ತಿ?

ನಾನ್ಯಾಕ ಬ್ಯಾಡಂತೇನಿ! ನಾ ಹಂಗ ಅನ್ನಲಿಲ್ಲ… ಆ ದಿನ ನಾ ಹೇಳಿದ್ದು ಬ್ಯಾರೆ. ಕಾರ್ತಿಕ ಮುಗಿದಿತ್ತು, ಇಲ್ಲೇ ಕುಂತಿದ್ವಿ, ಇದ ಮಗ್ಗದ ಮುಂದ. ನಾ ಪತ್ರ ಓದಿದೆ, ನೀ ಒಂದೊಂದು ಪುಟಕ್ಕ ಸಹಿ ಹಾಕ್ಕೊಂತ ಬಂದಿ. ‘ಜೀನ್ ತಿದ್ದೂದು ಅಂದ್ರ ಏನೋ?’ ಅಂದಿ. ನಿನಗ ತಿಳಿಯುವಂಗ ಹೇಳಿದೆ. ಮೈಯಾಗ ಕೋಟಿಗಟ್ಟಲೆ ಎಳಿ ಅದಾವ, ಅದರಾಗ ಒಂದು ಹರದೈತಿ. ಕೂಸಿನ ಮೂಳಿಯೊಳಗಿನ ರಕ್ತದ ಬೇರು ಹೊರಗ ತಗದು, ಹರದ ಎಳಿ ಹುಡುಕಿ, ಸಣ್ಣ ಕತ್ತರಿಯಿಂದ ಕತ್ತರಿಸಿ, ಕೆಚ್ಚಿ, ಹೊಳ್ಳಿ ಕೂಸಿಗೇ ಕೊಡ್ತಾರ ಅಂದೆ. ಮುಂದ ಆಕಿ ಮೈಯೇ ಆಕಿ ರಕ್ತ ಮಾಡಿಕೊಳ್ತೈತಿ, ಬಾಗಲಕೋಟಿ ಬಸ್ಸಿಲ್ಲ, ಸೂಜಿಯಿಲ್ಲ ಅಂದೆ. ಸುಳ್ಳಲ್ಲ ಅದು! ಹೊರದೇಶದಾಗ ಮನಷ್ಯಾರ ಮ್ಯಾಲ ಈಗ ಶುರು ಮಾಡ್ಯಾರ.

ಹೌದು… ಶುರು ಅಷ್ಟೇ.

ಆಗ ಮಾವ ಮಗ್ಗ ನಿಲ್ಲಿಸಿ ಬಂದು ಕೇಳಿದ. ‘ಅರುಣ, ಕೆಚ್ಚುವಾಗ ಒಮ್ಮೊಮ್ಮೆ ಬಾಜೂ ಎಳಿಗೆ ಗಂಟು ಬೀಳತೈತಿ ನಮಗ. ಲಗೂನ ಕಾಣಲಿಲ್ಲಂದ್ರ ಸೀರಿ ತುದಿತನಕ ಆ ತಪ್ಪು ಹಂಗ ಓಡತೈತಿ. ಅವರಿಗೆ ಹಂಗ ಆಗೂದಿಲ್ಲೇನು?’ ನಾ ನಕ್ಕೆ. ‘ಮಾವಾ, ಅವರು ವಿಜ್ಞಾನಿಗಳು, ನಿನ್ನಂಗ ಕಣ್ಣು ಮಂಜಾದ ನೇಕಾರರಲ್ಲ’ ಅಂದೆ. ನೀನೂ ನಕ್ಕಿ. ಅವ ಪಾಪ ಸಪ್ಪಗಾಗಿ ಮಗ್ಗಕ್ಕ ಹೋದ… ಅಕ್ಕಾ, ವಿಜ್ಞಾನಿಗಳು ರಾತ್ರಿ ಹಗಲು ಅಂಜೂದು ಅದಕ್ಕೇ. ನಮ್ಮ ಮಾವ ಕೇಳಿದ ಆ ಒಂದು ಪ್ರಶ್ನೆಗೇ. ಅದೂ ಬರದೇನಿ ನಾನು, ಈ ಪತ್ರದಾಗ ಐತಿ.

ಯಾವ ಪುಟದಾಗ ಅಂತೀಯಾ… ಈಗ ಅದು ಯಾಕ?

ಆಮ್ಯಾಲ ನೀ ಕೇಳಿದಿ. ದನಿ ಸಣ್ಣ ಮಾಡಿ ಕೇಳಿದಿ. ‘ಮತ್ತೊಂದು ಕೂಸಿಗೂ ಹಿಂಗ ಇದ್ರ?’ ನಾ ಏನಂದೆ… ‘ಹೊಟ್ಯಾಗ ಇದ್ದಾಗಲೇ ತಿದ್ದೂ ಕಾಲ ಬಂತು, ಅಂಜಬ್ಯಾಡ’ ಅಂದೆ. ಆ ವಾರ ಪೇಪರಿನ್ಯಾಗ ಬಂದಿತ್ತು, ಚೀನಾದಾಗ ಹುಟ್ಟೂಕಿಂತ ಮೊದಲೇ ಕೂಸುಗಳ ಜೀನ್ ತಿದ್ದಿದ್ರು ಅಂತ. ಅದನ್ನ ಓದಿ ಹೇಳಿದೆ. ಇಡೀ ಜಗತ್ತಿನ ವಿಜ್ಞಾನಿಗಳು ‘ಇದು ತಪ್ಪು, ಆ ಕೂಸುಗಳ ಮುಂದಿನ ಗತಿ ಯಾರಿಗೆ ಗೊತ್ತು’ ಅಂತ ಉಗುಳಿದ ಸುದ್ದಿ ಅದರ ಬಾಜೂಕೇ ಇತ್ತು. ಅದನ್ನ ಹೇಳಲಿಲ್ಲ… ಹೇಳೂದು ಮರತೆ.

ನನಗೇನ ಗೊತ್ತಿತ್ತು ನೀ ಆಗಲೇ ಬಸರ ಇದ್ದಿ ಅಂತ! ಸುಮ್ಮನ ಮಾತಿಗೆ ಕೇಳ್ತಿ ಅಂತ ತಿಳದೆ…

ಹಂಗ ನೋಡಬ್ಯಾಡ.

…ಹೌದು. ಗುಮಾನಿ ಬಂದಿತ್ತು. ಚಾದ ಕಪ್ಪು ದೂರ ಸರಿಸಿದಿ. ಒಗ್ಗರಣಿ ವಾಸನಿಗೆ ಸೆರಗು ಮೂಗಿಗೆ ಹಿಡಿದಿ. ರೇಷ್ಮಾನ ಹೊತ್ತಾಗೂ ಹಿಂಗ ಮಾಡತಿದ್ದಿ. ಆದರ ಕೇಳಲಿಲ್ಲ ನಾನು. ಅಕ್ಕನ್ನ ಅದೆಲ್ಲಾ ಹೆಂಗ ಕೇಳೂದು ಅಂತ… ಅಲ್ಲ. ನಾಚಿಕಿ ಅಲ್ಲ. ನಿನ್ನ ಮಾರಿ ಅರಳಿತ್ತು ಅಕ್ಕಾ. ರೇಷ್ಮಾಗ ಹಿಂಗಂತ ತಿಳಿದ ಮ್ಯಾಲ ನಿನ್ನ ಮಾರಿ ಹಂಗ ಅರಳಿದ್ದು ನೋಡೇ ಇದ್ದಿಲ್ಲ ನಾ. ‘ಹರದ ಮ್ಯಾಲ ಕೆಚ್ಚಿದ್ರಾತು ಹಂಗಾದ್ರ, ಮೊದಲ ಅಂಜೂದ್ಯಾಕ’ ಅಂದಿ. ಹೂಂ ಅಂದೆ. ಹೂಂ ಅಂದುಬಿಟ್ಟೆ…

ಅದಕ್ಕ ಹೋಗಲಿಲ್ಲಾ ಬಾಗಲಕೋಟಿಗೆ? ಅಷ್ಟಕ್ಕ?

ಬೈಯರೆ ಬೈ! ಹಿಂಗ ಎಳಿ ಹೊಸಿಬ್ಯಾಡ ನನ್ನ ಮುಂದ!

…ಏನದು? ಪತ್ರ ಯಾಕ ಕಸಗೊಂತಿ? ಮೂರನೇ ಪುಟ… ಓದಂತೀಯಾ? ಓದೂದು ಏನೈತಿ, ಸಹಿ ಹಾಕಿದ್ರ ಆತು. ಆ ದಿನ ಎರಡು ಹಾಳಿ ಅಂಟಿಕೊಂಡಿದ್ವು, ಒಮ್ಮೆಲೇ ಮಗುಚಿ ಬಿದ್ವು, ಅದಕ್ಕ ಸಹಿ ತಪ್ಪಿತು. ಇನ್ನೇನಿಲ್ಲ. ಹಾಳಿ ಹೊಸಾವು, ಅಂಟಿಕೊಂತಾವ…

ಆತು. ಓದ್ತೇನಿ. ಬೆರಳಿಂದ ಹಾಳಿ ಕುಟ್ಟಬ್ಯಾಡ, ಓದ್ತೇನಿ.

‘ಈ ಸಂಶೋಧನೆಯು ಚಿಕಿತ್ಸೆಯಲ್ಲ. ಇದರಿಂದ ನಿಮ್ಮ ಮಗುವಿಗೆ ನೇರವಾದ ಯಾವ ಪ್ರಯೋಜನವೂ ದೊರೆಯುವುದಿಲ್ಲ. ನೀವು ನೀಡುವ ರಕ್ತವನ್ನು ಅಧ್ಯಯನಕ್ಕಾಗಿ ಮಾತ್ರ ಬಳಸಲಾಗುವುದು. ಜೀನ್ ತಿದ್ದುವ ವಿಧಾನವು ತಿದ್ದಬಾರದ ಕಡೆಯಲ್ಲೂ ಕತ್ತರಿ ಹಾಕಬಹುದು. ಅದರ ಪರಿಣಾಮ ಇನ್ನೂ ಪೂರ್ತಿಯಾಗಿ ತಿಳಿದಿಲ್ಲ. ಗರ್ಭದಲ್ಲಿರುವ ಶಿಶುವಿಗೆ ಇಂಥ ಚಿಕಿತ್ಸೆ ಎಲ್ಲಿಯೂ ಲಭ್ಯವಿಲ್ಲ. ಆದ್ದರಿಂದ… ಆದ್ದರಿಂದ ನೀವು ಮತ್ತೆ ಗರ್ಭಿಣಿಯಾದಲ್ಲಿ, ಮೂರನೆಯ ತಿಂಗಳ ಪರೀಕ್ಷೆಯನ್ನು ಯಾವ ಕಾರಣಕ್ಕೂ…’

ಗೊತ್ತಾತಲ್ಲ. ಸಾಕಲ್ಲ.

‘…ಯಾವ ಕಾರಣಕ್ಕೂ ತಪ್ಪಿಸಬಾರದು.’

ಎಲ್ಲಾ ಪುಟದಾಗ ಛಲೋ ಬರದ ಪುಟ ಇದು. ಡಾಕ್ಟರ್ ಬಾಯಾರು ಇದನ್ನ ಎರಡು ಸಲ ಓದಿ ನನ್ನ ಬೆನ್ನು ಚಪ್ಪರಿಸಿದ್ರು. ಹಾಳಿ ಅಂಟಿಕೊಂಡಿದ್ದಿಲ್ಲ ಅಕ್ಕಾ. ಎರಡೂ ಹಾಳಿ ಕೂಡಿಸಿ ಹಿಡಿದು ಮಗುಚಿದಾವ ನಾನು. ನಿನ್ನ ನಗು ಇನ್ನೊಂದು ತಾಸು ಇರಲಿ ಅಂತ. ಊಟ ಆದ ಮ್ಯಾಲ ಓದಿದ್ರಾತು ಅಂತ… ಊಟ ಆತು. ಬಸ್ಸಿನ ಹೊತ್ತಾತು. ಆಮ್ಯಾಲ… ಫೋನಿನ್ಯಾಗ ಹೆಂಗ ಹೇಳೂದು ಅಂತ. ಇವತ್ತೂ ಓದಬೇಕಂತ ಬರಲಿಲ್ಲ ನಾನು. ಸಹಿ ಹಾಕಿಸಿಕೊಂಡು ಹೋಗಬೇಕಂತ ಬಂದೆ. ಖರೆ ಹೇಳ್ತೇನಿ, ಹಂಗ ಬಂದೆ.

ಪೆನ್ನು ಹಿಡಿದಿ? ಸಹಿ ಹಾಕ್ತೀಯಾ ಇದಕ್ಕ? ಎಲ್ಲಾ ಕೇಳಿದ ಮ್ಯಾಲನೂ? …ಹಾಕಿದಿ. ನಂದಾ ರಾಚಪ್ಪ… ನಿನ್ನ ಅಕ್ಷರ ಎಷ್ಟು ದುಂಡಗ ಅದಾವ. ರೇಷ್ಮಾಗ ಅಲ್ಲದಿದ್ರೂ ಮುಂದ ಯಾವ ಕೂಸಿಗರೆ ಉಪಯೋಗ ಆದೀತು ಅಂತ ಹಾಕಿದಿ? 

ಈಗ ಏನ ಹುಡುಕಾಕತ್ತಿ? ಕಡೀ ಪುಟ ಯಾಕ? ಅದಕ್ಕ ನಿನ್ನ ಸಹಿ ಐತಿ, ಎಲ್ಲಾ ಸರಿ ಐತಿ…

ಅದರ ಕೆಳಗಿಂದು ನಿಂದಲ್ಲ. ‘ಈ ಪತ್ರದ ಏಳೂ ಪುಟಗಳನ್ನು ಒಂದಕ್ಷರ ಬಿಡದೆ ಇವರಿಗೆ ಓದಿ, ತಿಳಿಯಪಡಿಸಿದ್ದೇನೆ.’

ಬೆರಳು ತಗೀ ಅಕ್ಕಾ.

ತಗೀ… ಅದು ನನ್ನ ಸಹಿ.