ಹನ್ನೊಂದನೇ ಮಂಚದವನ ಜ್ವರ

ಐವತ್ತೆಂಟರ ಮೇ ತಿಂಗಳ ಸುಡುವ ಮಧ್ಯಾಹ್ನ. ಮದರಾಸಿನ ಒಂದು ಆಸ್ಪತ್ರೆಯ ಎದುರು, ಪಲ್ಲಾವರಂ ಬಸ್ಸಿನ ಸಾಲಿನಲ್ಲಿ ಹೋಟೆಲಿನ ಅಡಿಗೆಯವನಾದ ಕಾಂತಪ್ಪ ಬೆವರುತ್ತ ನಿಂತಿದ್ದ. ಬೆನ್ನ ಹಿಂದೆ ಮಂಗಳೂರು ಕಡೆಯ ಕನ್ನಡ ಕೇಳಿಸಿದ್ದೇ ಅವನ ಕಿವಿ ನಿಮಿರಿತು. ಇಬ್ಬರು ನರ್ಸುಗಳು, ಕಿರಿಯವಳ ಕೊರಳಲ್ಲಿ ಸಣ್ಣದೊಂದು ಶಿಲುಬೆ.

“ಇಬ್ಬರು ರಜೆ, ಲಿಡಿಯಕ್ಕ. ನಲವತ್ತು ಮಂಚಕ್ಕೆ ನಾನೊಬ್ಬಳು. ಅಷ್ಟರಲ್ಲಿ ಡಾಕ್ಟರು ಬಂದೇ ಬಿಟ್ರು.”

“ಅದಕ್ಕೆ ಎಂತ ಮಾಡಿದೆ, ಗ್ರೇಸಿ?”

“ಹನ್ನೊಂದನೇ ಮಂಚದವನ ಜ್ವರ ನೋಡ್ಲಿಕ್ಕೆ ಆಗ್ಲಿಲ್ಲ. ಚಾರ್ಟಿನಲ್ಲಿ ತೊಂಬತ್ತೆಂಟು ಪಾಯಿಂಟ್ ನಾಲ್ಕು, ಜ್ವರ ಇಲ್ಲ ಅಂತ ಬರೆದುಬಿಟ್ಟೆ.”

“ನೋಡದೆ?”

“ನಿನ್ನೆ ಅಷ್ಟೇ ಇತ್ತಲ್ಲ.”

“ಇವತ್ತು?”

“ನಾನು ಹೊರಡುವಾಗ ಕಂಬಳಿ ಕೇಳಿದ.”



“ಈ ಸೆಕೆಯಲ್ಲಿ ಕಂಬಳಿಯಾ? ಯಾರಿಗಾದ್ರೂ ಹೇಳಿದ್ಯಾ?”

“ಹೇಳಿದ್ರೆ ಕೆಲಸ ಹೋಗ್ತದೆ. ಆಸ್ಪತ್ರೆಯ ಚಾಪೆಲಿನಲ್ಲಿ ಮೊಣಕಾಲೂರಿ ಪ್ರಾರ್ಥನೆ ಮಾಡಿ ಬಂದೆ.”

“ಎಂತ ಬೇಡಿಕೊಂಡೆ?”

“ಅವನಿಗೆ ಜ್ವರ ಇರಬಾರ್ದು ಅಂತ.”

“ಜ್ವರ ನೋಡ್ಲಿಕ್ಕೂ ದೇವರೇ ಬರ್ಬೇಕಾ ಮಾರಾಯ್ತಿ? ಅದು ನಿನ್ನ ಕೆಲಸ.”

“ಹಾಗಾದ್ರೆ ನನ್ನ ಪ್ರಾರ್ಥನೆ ಸುಳ್ಳಾ?”

“ಸುಳ್ಳಲ್ಲ. ಅರ್ಧ. ಡಾಕ್ಟರ ಎದುರು ನಿಂತು ನಿಜ ಹೇಳುವ ಧೈರ್ಯ ಕೊಡು ಅಂತ ಉಳಿದ ಅರ್ಧ ಬೇಡು. ನಡಿ, ನಾನೂ ಬರ್ತೇನೆ.”

ಅಷ್ಟರಲ್ಲಿ ಬಸ್ಸು ಬಂತು. ಕಾಂತಪ್ಪ ಮೆಟ್ಟಿಲು ಹತ್ತಿ ತಿರುಗಿ ನೋಡಿದ. ಲಿಡಿಯಕ್ಕ ಇನ್ನೂ ರಸ್ತೆ ದಾಟುತ್ತಿದ್ದಳು. ಗ್ರೇಸಿ ಆಗಲೇ ಆಸ್ಪತ್ರೆಯ ಗೇಟಿನೊಳಗೆ ಓಡುತ್ತಿದ್ದಳು.