ಮೊದಲೇ ಹಾಕಿದ ಗಂಜಿ

ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿಗೆ ಕಾಲೇಜಿನ ಇಬ್ಬರು ಹುಡುಗಿಯರು ಬಂದು ಕುಳಿತರು. ಪಿಯುಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಫಿಜಾ ಎಂಬವಳ ಬೆರಳ ತುದಿಗೆ ಅಯೋಡಿನ್ ಕಲೆ ಹತ್ತಿತ್ತು. ಇನ್ನೊಬ್ಬಳು ಗುಲ್ನಾಜ.

“ಟೈಟ್ರೇಶನ್‌ದಾಗ ಸ್ಟಾರ್ಚ್ ಗಂಜಿ ಯಾವಾಗ ಹಾಕಿದಿ?” ಗುಲ್ನಾಜ ಕೇಳಿದಳು.

“ಮೊದಲ.”

“ಯಾ ಅಲ್ಲಾ! ಥಯೋಸಲ್ಫೇಟ್ ಬಿಟಗೋಂತ ಹೋಗಿ, ಅಯೋಡಿನ್ ತಿಳಿ ಹಳದಿ ಆದಮ್ಯಾಲೆ ಹಾಕಬೇಕಲ್ಲಲೇ.”

“ಮನ್ಯಾಗ ನೂಲಿಗೆ ಗಂಜಿ ಹಚ್ಚಿದಮ್ಯಾಲೇ ನೇಯೋದು. ಕೈ ತಾನ ಹೋತು.”

“ಪರೀಕ್ಷಾ ಬರಿಯಾಕ ಹೋಗಿದ್ಯೋ, ಸೀರಿ ನೇಯಾಕ ಹೋಗಿದ್ಯೋ?”

ಫಿಜಾ ನಗಲಿಲ್ಲ.

“ಕರ್ರಗ ನೀಲಿ ಆತು. ಗಂಜಿ ಅಯೋಡಿನ್ ಹಿಡಕೊಂಡು ಬಿಡವಲ್ದು. ಗಾಬರಿ ಆಗಿ ಥಯೋಸಲ್ಫೇಟ್ ಒಮ್ಮಿಗೇ ಸುರದೆ. ನೀಲಿ ಹೋಗೂದ್ರಾಗ ಭಾಳ ಹೆಚ್ಚಿಗಿ ಬಿದ್ದಿತ್ತು.”

“ಮತ್ತೊಮ್ಮೆ ಮಾಡಬೇಕಿತ್ತು.”

“ಟೈಮ್ ಎಲ್ಲಿತ್ತು?”

“ಸರ್ ಏನಂದ್ರು?”

“ಏನೂ ಅನ್ಲಿಲ್ಲ. ರೀಡಿಂಗ್ ನೋಡಿ ಮುಂದಿನಾಕಿ ಕಡೆ ಹೋದ್ರು.”

“ಬರಿಯೋ ಪರೀಕ್ಷಾದಾಗ ಮಾರ್ಕ್ಸ್ ಎತ್ತಿಕೋಲೇ.”

“ಅದರ ಪ್ರಿಪರೇಟರಿನ ಹಾಳ ಬರದೀನಿ. ಪಾಸಾದ್ರ ನರ್ಸಿಂಗಿಗೆ ಕಳಸ್ತೀನಿ, ಫೇಲಾದ್ರ ಮಗ್ಗಕ್ಕ ಕುಂಡ್ರು ಅಂದಾರ ನಮ್ಮ ಅಬ್ಬಾ.”

ಗುಲ್ನಾಜ ಅವಳ ಬೆರಳು ಹಿಡಿದು ದುಪಟ್ಟಾದ ಅಂಚಿನಿಂದ ಉಜ್ಜಿದಳು. ಕಲೆ ಹೋಗಲಿಲ್ಲ.

ಶಿಗ್ಲಿ ಬಸ್ಸು ಬಂತು. ಇಬ್ಬರೂ ಎದ್ದರು.

“ಮನಿಗಿ ಹೋಗಿ ಸ್ವಲ್ಪ ಮಲಕೋ,” ಎಂದಳು ಗುಲ್ನಾಜ.

“ಎಲ್ಲಿ ಮಲಗೋದು? ಇವತ್ತ ಗಂಜಿ ಕಾಸೋದು ನನ್ನ ಪಾಳಿ,” ಎನ್ನುತ್ತ ಫಿಜಾ ಬಸ್ಸು ಹತ್ತಿದಳು.